ನಷ್ಟವಾಗಬಹುದಾದ ದಾನವು ಧರ್ಮವೋ?

ಹೋದ ಸುಗ್ಗಿಹಬ್ಬದ ಕಾಣಿಕೆಯನ್ನು ಎಣಿಸಿ ಮುಗಿದ ಮೇಲೆ ನಮ್ಮ ಸಭೆಯ ಹಿರಿಯರು ಕೂಡಿ ಬಡವರ ನಿಧಿಯ ಲೆಕ್ಕವನ್ನು ಓದಿಸಿ ಕೇಳುತ್ತಿದ್ದರು. ಒಂದು ಸಾಲಿಗೆ ಬಂದಾಗ ಎಲ್ಲರೂ ಸುಮ್ಮನಾದರು. ಎರಡು ವರ್ಷಗಳ ಹಿಂದೆ ಒಬ್ಬ ವಿಧವೆಗೆ ನಾಲ್ಕು ಜೇನುಪೆಟ್ಟಿಗೆಗಳನ್ನು ಕೊಂಡುಕೊಡುವದಕ್ಕೆ ಆ ನಿಧಿಯಿಂದ ೧೨,೦೦೦ ರೂಪಾಯಿಗಳನ್ನು ಕೊಟ್ಟಿದ್ದೆವು. ಆ ಸಹೋದರಿಯು ತರಬೇತನ್ನು ಪಡೆದು ಶ್ರದ್ಧೆಯಿಂದಲೇ ನೋಡಿಕೊಂಡಳು. ಆದರೂ ಮಳೆಗಾಲದ ನಡುವೆ ಮೂರು ಪೆಟ್ಟಿಗೆಗಳ ಜೇನುಗಳು ಬಿಟ್ಟುಹೋದವು. ನಾಲ್ಕನೆಯದರಲ್ಲಿ ರೋಗ ಬಿದ್ದು ಮರಿಗಳು ಸತ್ತವು. ಒಂದು ಸೀಸೆ ಜೇನು ಸಹ ಮಾರಾಟವಾಗಲಿಲ್ಲ. ಆಗ ಹಿರಿಯರಲ್ಲೊಬ್ಬರು (ಇವರು ಕಠಿಣ ಮನಸ್ಸಿನವರಲ್ಲ, ಕೈಯೆತ್ತಿ ಕೊಡುವವರೇ) ಮೆಲ್ಲಗೆ ನಮ್ಮ ಕಡೆಗೆ ತಿರುಗಿ, “ಉಪದೇಶಿಯವರೇ, ಆ ಹಣದಲ್ಲಿ ಎಷ್ಟು ಮನೆಗಳಿಗೆ ಅಕ್ಕಿ ಕೊಡಬಹುದಾಗಿತ್ತು ಎಂಬದನ್ನು ಲೆಕ್ಕಮಾಡಿದ್ದೀರೋ?” ಎಂದು ಕೇಳಿದರು. ನಾವು ಲೆಕ್ಕಮಾಡಿದ್ದೆವು. ಆದಕಾರಣವೇ ಉತ್ತರ ಕೊಡುವದಕ್ಕೆ ನಾಲಿಗೆ ಏಳಲಿಲ್ಲ.

ಪ್ರಿಯ ವಾಚಕರೇ, ಆ ರಾತ್ರಿ ಮನೆಗೆ ಹೋಗುವಾಗ ನಮ್ಮನ್ನು ಬಿಡದೆ ಹಿಂಬಾಲಿಸಿದ ಪ್ರಶ್ನೆಯು ಇದೇ. ಕೊಟ್ಟ ದ್ರವ್ಯವು ಫಲಕೊಡುವದೋ ಇಲ್ಲವೋ ಎಂಬದು ಮೊದಲೇ ತಿಳಿಯದಿರುವಾಗ, ನಷ್ಟವಾಗುವ ಸಂಭವವೇ ಹೆಚ್ಚಾಗಿರುವಾಗ ಸಹ, ದಾನ ಮಾಡುವದು ಧರ್ಮವಾಗುವದೋ? ಅಥವಾ ಹಸಿದವನು ಬಾಗಲಲ್ಲಿ ನಿಂತಿರುವಾಗ ಅದು ಇನ್ನೊಬ್ಬರ ಅನ್ನದಿಂದ ಆಡುವ ಜೂಜಾಗುವದೋ? ಇದು ನಮ್ಮ ಹಳ್ಳಿಯ ಪ್ರಶ್ನೆ ಮಾತ್ರವಲ್ಲ. ಭೂಮಿಯ ಮೇಲಿನ ಅತಿ ದೊಡ್ಡ ಧರ್ಮನಿಧಿಗಳನ್ನು ನಡಿಸುವವರು ಒಂದು ನೂರು ವರ್ಷಕ್ಕಿಂತ ಹೆಚ್ಚಾಗಿ ಇದೇ ಪ್ರಶ್ನೆಯೊಡನೆ ಹೆಣಗಿದ್ದಾರೆ. ಅವರ ಮೊತ್ತಗಳು ದೊಡ್ಡವು, ನಮ್ಮವು ಚಿಕ್ಕವು. ಆದರೆ ಮನಸ್ಸಾಕ್ಷಿಗೆ ತಗಲುವ ಮುಳ್ಳು ಒಂದೇ. ಆದಕಾರಣ ಅವುಗಳಲ್ಲಿ ಒಂದರ ಚರಿತ್ರೆಯನ್ನು, ಅದರ ಒಳ್ಳೇದನ್ನೂ ಕೆಟ್ಟದ್ದನ್ನೂ ಮರೆಮಾಡದೆ, ಇಲ್ಲಿ ಸ್ವಲ್ಪ ವಿವರವಾಗಿ ಹೇಳುತ್ತೇವೆ. ಆ ಚರಿತ್ರೆಯ ಒಂದು ಕೊಂಬೆಯು ನಮ್ಮ ಮಲೆನಾಡಿನೊಳಗೂ ಚಾಚಿಕೊಂಡಿದೆ ಎಂಬದನ್ನು ವಾಚಕರು ಮುಂದೆ ಕಾಣುವರು.

ಅಮೇರಿಕಾ ದೇಶದಲ್ಲಿ ಕಲ್ಲೆಣ್ಣೆಯ ವ್ಯಾಪಾರದಿಂದ ಲೆಕ್ಕವಿಲ್ಲದಷ್ಟು ಐಶ್ವರ್ಯವನ್ನು ಕೂಡಿಸಿದ ಜಾನ್ ರಾಕ್‌ಫೆಲ್ಲರ್ ಎಂಬವನ ಹೆಸರನ್ನು ಅನೇಕರು ಕೇಳಿರಬಹುದು. ಅವನ ದಾನಧರ್ಮಗಳಿಗೆ ಆಲೋಚನೆ ಹೇಳುತ್ತಿದ್ದವರು ಫ್ರೆಡರಿಕ್ ಗೇಟ್ಸ್ ಎಂಬವರು; ಇವರು ಮೊದಲು ಬಾಪ್ಟಿಸ್ಟ್ ಸಭೆಯ ಬೋಧಕರಾಗಿದ್ದವರು. ೧೮೯೭ರ ಬೇಸಿಗೆಯಲ್ಲಿ ಇವರು ವಿಲಿಯಮ್ ಆಸ್ಲರ್ ಎಂಬ ಪ್ರಸಿದ್ಧ ವೈದ್ಯರು ಬರೆದ ದೊಡ್ಡ ವೈದ್ಯಗ್ರಂಥವೊಂದನ್ನು, ವೈದ್ಯಶಬ್ದಗಳ ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು, ಮೊದಲಿಂದ ಕಡೆಯ ವರೆಗೆ ಓದಿದರು. ಓದುತ್ತಾ ಹೋದ ಹಾಗೆ ಇವರಿಗೆ ಆಶ್ಚರ್ಯವೂ ದುಃಖವೂ ಉಂಟಾದವು. ಯಾಕಂದರೆ ಆ ಗ್ರಂಥಕರ್ತರು ರೋಗಗಳ ಲಕ್ಷಣಗಳನ್ನು ಬಹು ಚೆನ್ನಾಗಿ ವಿವರಿಸಿದ್ದರೂ, ನಿಜವಾಗಿ ಗುಣಪಡಿಸುವ ಔಷಧವು ಬಹು ಕೊಂಚ ರೋಗಗಳಿಗೆ ಮಾತ್ರ ಉಂಟೆಂಬದನ್ನು ಮುಚ್ಚದೆ ಬರೆದಿದ್ದರು. ಇನ್ನಷ್ಟು ಆಸ್ಪತ್ರೆಗಳನ್ನು ಕಟ್ಟಿಸಿದರೆ ತಿಳಿಯದ ಔಷಧವು ತಿಳಿದುಬರುವದೋ? ರೋಗದ ಮೂಲವನ್ನು ಹುಡುಕುವವರಿಗೆ ಅನ್ನವನ್ನೂ ಸಮಯವನ್ನೂ ಒದಗಿಸುವದು ಬೇಡವೋ? ಹೀಗೆ ಯೋಚಿಸಿ ಗೇಟ್ಸರು ತಮ್ಮ ಯಜಮಾನನಿಗೆ ಬರೆದರು. ಅದರ ಫಲವಾಗಿ ೧೯೦೧ರಲ್ಲಿ ನ್ಯೂಯಾರ್ಕಿನಲ್ಲಿ ವೈದ್ಯಸಂಶೋಧನೆಯ ಒಂದು ಸಂಸ್ಥೆಯು ಹುಟ್ಟಿತು. ಮೊದಲು ವಾಗ್ದಾನವಾದದ್ದು ವರ್ಷಕ್ಕೆ ೨೦,೦೦೦ ಡಾಲರುಗಳಂತೆ ಹತ್ತು ವರ್ಷ.

ಅಲ್ಲಿಯ ಒಂದು ಸಂಗತಿಯನ್ನು ಕೇಳಿರಿ. ೧೯೧೧ರಲ್ಲಿ ಪೇಟನ್ ರೌಸ್ ಎಂಬ ಯೌವನಸ್ಥ ವೈದ್ಯನು ಒಂದು ಕೋಳಿಯ ಗೆಡ್ಡೆಯನ್ನು ಅರೆದು, ಜೀವಕಣವೊಂದೂ ದಾಟದ ಹಾಗೆ ಸೋಸಿ, ಆ ರಸವನ್ನು ಬೇರೆ ಕೋಳಿಗಳಿಗೆ ಚುಚ್ಚಿ, ಅವುಗಳಲ್ಲಿಯೂ ಗೆಡ್ಡೆ ಏಳುವದೆಂದು ತೋರಿಸಿದನು. ಕೋಳಿಯ ಗೆಡ್ಡೆಯಿಂದ ಮನುಷ್ಯರಿಗೇನು ಲಾಭವೆಂದು ಬಲ್ಲವರು ಸಹ ಅದನ್ನು ತಳ್ಳಿಬಿಟ್ಟರು. ಕೆಲವು ಬಗೆಯ ಏಡಿಗೆಡ್ಡೆಗಳಿಗೆ ವೈರಸುಗಳು ಕಾರಣವಾಗಬಲ್ಲವೆಂಬದಕ್ಕೆ ಅದೇ ಬುನಾದಿಯಾಯಿತೆಂದು ಒಪ್ಪಿ ಅವನಿಗೆ ನೊಬೆಲ್ ಬಹುಮಾನವನ್ನು ಕೊಟ್ಟದ್ದು ೧೯೬೬ರಲ್ಲಿ. ನಡುವೆ ೫೫ ವರ್ಷಗಳು ಕಳೆದಿದ್ದವು, ಅವನಿಗೆ ೮೭ ವಯಸ್ಸಾಗಿತ್ತು. ವರ್ಷವರ್ಷವೂ ಲೆಕ್ಕ ಕೇಳುವ ಯಾವ ಸಭೆಯಾದರೂ ಇಷ್ಟು ಕಾಲ ಕಾದಿರುವದೋ? ನಮ್ಮ ಹಿರಿಯರಂತೂ ಕಾಯುತ್ತಿರಲಿಲ್ಲ. ನಾವೂ ಕಾಯುತ್ತಿದ್ದೆವೆಂದು ಹೇಳಲಾರೆವು.

೧೯೧೩ರಲ್ಲಿ ರಾಕ್‌ಫೆಲ್ಲರ್ ಫೌಂಡೇಶನ್ ಎಂಬ ಧರ್ಮನಿಧಿಯು ಸ್ಥಾಪಿತವಾಯಿತು. ಮೊದಲಿನ ಒಂದು ವರ್ಷದೊಳಗೆ ಅದಕ್ಕೆ ೧೦ ಕೋಟಿ ಡಾಲರುಗಳು ಸಂದವು. ಇದಕ್ಕೆ ಮೊದಲೇ, ೧೯೦೯ರಲ್ಲಿ, ಅಮೇರಿಕದ ದಕ್ಷಿಣ ಸೀಮೆಯ ಬಡ ಬೇಸಾಯಗಾರರ ರಕ್ತ ಹೀರುತ್ತಿದ್ದ ಕೊಕ್ಕೆಹುಳುವಿನ ವಿರೋಧವಾಗಿ ರಾಕ್‌ಫೆಲ್ಲರನು ೧೦ ಲಕ್ಷ ಡಾಲರುಗಳನ್ನು ಕೊಟ್ಟಿದ್ದನು. ತಮ್ಮನ್ನು ಹುಳುಹಿಡಿದ ಸೋಮಾರಿಗಳೆಂದು ಲೋಕಕ್ಕೆ ಸಾರುತ್ತಾರಲ್ಲಾ ಎಂದು ಅಲ್ಲಿಯ ಜನರು ಮೊದಲು ಸಿಟ್ಟಾದರು. ಐದು ವರ್ಷಗಳಲ್ಲಿ ಹತ್ತಿರ ಹತ್ತಿರ ಏಳು ಲಕ್ಷ ಜನರಿಗೆ ಔಷಧ ಕೊಡಲ್ಪಟ್ಟಿತು. ಆದರೂ ಬರಿಗಾಲಲ್ಲಿ ನಡೆಯುವದೂ ಬಯಲಿಗೆ ಹೋಗುವದೂ ನಿಲ್ಲದ ಕಡೆ ಹುಳುವು ತಿರಿಗಿ ಬಂತು. ಔಷಧ ಕೊಡುವದು ಸುಲಭ, ಕಕ್ಕಸು ಕಟ್ಟಿಸುವದು ಕಷ್ಟವೆಂಬದನ್ನು ಅವರು ಹಣ ತೆತ್ತು ಕಲಿತರು. ಈ ನಿಧಿಯ ವೈದ್ಯರು ಮುಂದೆ ಮೈಸೂರು ಸಂಸ್ಥಾನಕ್ಕೂ ಬಂದು ಆರೋಗ್ಯ ಇಲಾಖೆಯವರೊಂದಿಗೆ ಮಲೇರಿಯಾ ಜ್ವರದ ವಿಷಯದಲ್ಲಿ ಕೆಲಸಮಾಡಿದ್ದುಂಟು. ಅದನ್ನು ಇಲ್ಲಿ ವಿಸ್ತರಿಸುವದಿಲ್ಲ.

ಆದರೆ ನಮ್ಮ ಪ್ರಶ್ನೆಗೆ ಹೆಚ್ಚು ಬೆಳಕು ಕೊಡುವದು ಹಳದಿಜ್ವರದ ಚರಿತ್ರೆಯೇ. ಈ ಜ್ವರವು ಆಫ್ರಿಕದಲ್ಲಿಯೂ ದಕ್ಷಿಣ ಅಮೇರಿಕದಲ್ಲಿಯೂ ಊರೂರುಗಳನ್ನೇ ಹಾಳುಮಾಡುತ್ತಿತ್ತು. ಸೊಳ್ಳೆಯಿಂದ ಹಬ್ಬುವದೆಂದು ೧೯೦೦ರಲ್ಲಿ ಕ್ಯೂಬಾ ದ್ವೀಪದಲ್ಲಿ ತಿಳಿದುಬಂದಿತ್ತು. ಸೊಳ್ಳೆಯು ಒಯ್ಯುವ ವಿಷಬೀಜ ಯಾವದೆಂದು ಮಾತ್ರ ತಿಳಿದಿರಲಿಲ್ಲ. ೧೯೧೮ರಲ್ಲಿ ರಾಕ್‌ಫೆಲ್ಲರ್ ಸಂಸ್ಥೆಯ ಹಿದೆಯೊ ನೊಗುಚಿ ಎಂಬ ಜಪಾನಿನ ಪಂಡಿತರು ಈಕ್ವೆಡಾರ್ ದೇಶದ ಗ್ವಾಯಾಕಿಲ್ ಪಟ್ಟಣಕ್ಕೆ ಹೋಗಿ ಒಂದು ಸೂಕ್ಷ್ಮಜಂತುವನ್ನು ಕಂಡು ಇದೇ ಕಾರಣವೆಂದು ಹೇಳಿದರು. ಅದರಿಂದ ಲಸಿಕೆಯನ್ನು ಮಾಡಿ ನಿಧಿಯವರು ಹಲವು ವರ್ಷ ಹಂಚಿದರು. ಅದೆಲ್ಲವೂ ತಪ್ಪಾಗಿತ್ತು! ನೊಗುಚಿಯವರು ಕಂಡದ್ದು ಬೇರೊಂದು ರೋಗದ ಜಂತು. ಆ ಲಸಿಕೆಗೆ ವೆಚ್ಚವಾದ ಹಣವು ನಮ್ಮ ಜೇನುಪೆಟ್ಟಿಗೆಗಳ ಹಣದ ಹಾಗೆ ಹೋಗಿಯೇ ಹೋಯಿತು.

ಅಲ್ಲಿಗೆ ಬಿಟ್ಟುಬಿಡಬಹುದಾಗಿತ್ತು. ನಿಧಿಯವರು ಬಿಡಲಿಲ್ಲ; ಪಶ್ಚಿಮ ಆಫ್ರಿಕಕ್ಕೆ ವೈದ್ಯರನ್ನು ಕಳುಹಿಸಿದರು. ಆಫ್ರಿಕದ ಕೋತಿಗಳಿಗೆ ರೋಗಿಯ ರಕ್ತವನ್ನು ಚುಚ್ಚಿದರೆ ಅವು ಜ್ವರದಿಂದ ಬೀಳುತ್ತಿರಲಿಲ್ಲ. ಹೀಗಿರಲಾಗಿ ೧೯೨೭ರಲ್ಲಿ ನಮ್ಮ ಹಿಂದೂದೇಶದ ಜಾತಿಯ ಕೋತಿಗಳನ್ನು ತರಿಸಿಕೊಂಡು, ಅಸಿಬಿ ಎಂಬ ಒಬ್ಬ ಆಫ್ರಿಕದವನ ರಕ್ತವನ್ನು ಅವುಗಳಲ್ಲೊಂದಕ್ಕೆ ಚುಚ್ಚಿದಾಗ ಅದು ರೋಗಬಿದ್ದು ಸತ್ತಿತು. ಅಸಿಬಿಯು ತಾನು ಗುಣಹೊಂದಿ ಬದುಕಿದನು. ರೋಗವನ್ನು ಹಿಡಿದು ಪರೀಕ್ಷಿಸುವ ದಾರಿ ಹೀಗೆ ತೆರೆಯಿತು. ಅದು ಸೂಕ್ಷ್ಮದರ್ಶಕಕ್ಕೂ ಕಾಣದ ವೈರಸು ಎಂದು ಗೊತ್ತಾಯಿತು. ಆದರೆ ಆ ದಾರಿಯನ್ನು ತೆರೆದ ಏಡ್ರಿಯನ್ ಸ್ಟೋಕ್ಸ್ ಎಂಬ ವೈದ್ಯರು ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅದೇ ಜ್ವರ ತಗಲಿ ತೀರಿಹೋದರು. ತಮ್ಮ ಮಾತು ಸುಳ್ಳಾಯಿತೆಂಬ ವ್ಯಥೆಯಿಂದಲೋ, ನಿಜವನ್ನು ಕಣ್ಣಾರೆ ಕಾಣಬೇಕೆಂಬ ಆಸೆಯಿಂದಲೋ ನೊಗುಚಿಯವರೂ ಆಫ್ರಿಕದ ಅಕ್ರಾ ಪಟ್ಟಣಕ್ಕೆ ಹೋಗಿ, ೧೯೨೮ರ ಮೇ ತಿಂಗಳಲ್ಲಿ ಅದೇ ಜ್ವರದಿಂದ ಸತ್ತರು. ಅವರ ಸಂಗಡ ಇದ್ದ ವೈದ್ಯ ವಿಲಿಯಮ್ ಯಂಗ್ ಎಂಬವರೂ ಅದೇ ತಿಂಗಳು ಮುಗಿಯುವದರೊಳಗೆ ಮಡಿದರು. ಅಸಿಬಿಯ ರಕ್ತದಿಂದ ಬಂದ ಆ ವೈರಸಿನ ಸಂತಾನವನ್ನೇ ಪ್ರಯೋಗಶಾಲೆಯಲ್ಲಿ ವರ್ಷಗಟ್ಟಲೆ ಸಾಕಿ ಸೌಮ್ಯಪಡಿಸಿ, ೧೯೩೭ರಲ್ಲಿ ಮ್ಯಾಕ್ಸ್ ಥೈಲರ್ ಮತ್ತು ಅವರ ಜತೆಗಾರರು ಒಳ್ಳೇ ಲಸಿಕೆಯನ್ನು ಸಿದ್ಧಮಾಡಿದರು. ಅದಕ್ಕಾಗಿ ಥೈಲರರಿಗೆ ೧೯೫೧ರಲ್ಲಿ ನೊಬೆಲ್ ಬಹುಮಾನ ಬಂತು. ಅದೇ ಲಸಿಕೆಯು ಇಂದಿಗೂ ಕೋಟ್ಯಂತರ ಜನರನ್ನು ಕಾಯುತ್ತಾ ಇದೆ.

ಇನ್ನು ನಮ್ಮ ಸೀಮೆಯ ಮಾತಿಗೆ ಬರುವ. ಹಳದಿಜ್ವರದ ಕೆಲಸದಲ್ಲಿ ತರಬೇತಾದವರು ೧೯೫೧ರ ಸುಮಾರಿಗೆ ಒಂದು ವಿಚಿತ್ರ ಯೋಚನೆಯನ್ನು ಮಾಡಿದರು. ಸೊಳ್ಳೆ, ಉಣ್ಣೆ ಮುಂತಾದ ಕ್ರಿಮಿಗಳು ಇನ್ನೂ ಯಾವ ಯಾವ ವೈರಸುಗಳನ್ನು ಒಯ್ಯುತ್ತವೆಂಬದು ಯಾರಿಗೂ ತಿಳಿಯದು. ಆದಕಾರಣ ಯಾವ ಗೊತ್ತಾದ ರೋಗದ ನಿಮಿತ್ತವೂ ಅಲ್ಲದೆ, ಸುಮ್ಮನೆ ಹುಡುಕಿ ಪಟ್ಟಿಮಾಡುವದಕ್ಕೆಂದೇ ದೇಶದೇಶಗಳಲ್ಲಿ ಪ್ರಯೋಗಶಾಲೆಗಳನ್ನು ನಡಿಸೋಣ ಎಂಬದು. ಟ್ರಿನಿಡಾಡ್ ದ್ವೀಪದಲ್ಲಿ ಒಂದು, ಬ್ರೆಜಿಲಿನ ಬೆಲೆಂ ಪಟ್ಟಣದಲ್ಲಿ ಒಂದು, ಹೀಗೆ ಅವು ಏಳುತ್ತಿರುವಾಗ, ೧೯೫೨ರಲ್ಲಿ ಭಾರತದ ವೈದ್ಯಕೀಯ ಸಂಶೋಧನಾ ಮಂಡಲಿಯೊಂದಿಗೆ ಸೇರಿ ಪುಣೆಯಲ್ಲಿ ವೈರಸ್ ಸಂಶೋಧನ ಕೇಂದ್ರವು ತೆರೆಯಲ್ಪಟ್ಟಿತು. ಆಗ ನಮ್ಮ ದೇಶದಲ್ಲಿ ಮಲೇರಿಯಾ, ಕ್ಷಯ, ಕಾಲರಾ, ಸಿಡುಬು ಎಂಬವುಗಳಿಂದ ಲಕ್ಷಗಟ್ಟಲೆ ಜನರು ಸಾಯುತ್ತಿದ್ದರು. ಹೆಸರೇ ಇಲ್ಲದ ರೋಗವನ್ನು ಹುಡುಕುವದಕ್ಕೆ ಹಣವೇಕೆಂದು ಒಬ್ಬ ಬಡವನು ಆಗ ಕೇಳಿದ್ದರೆ ಅವನ ಬಾಯನ್ನು ಮುಚ್ಚಿಸುವ ಉತ್ತರವು ಯಾರ ಬಳಿಯಲ್ಲಿತ್ತು?

ಐದು ವರ್ಷಗಳು ಕಳೆದವು. ೧೯೫೭ರ ಮಾರ್ಚಿ ತಿಂಗಳಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಮರಗಳಿಂದ ಬಿದ್ದು ಬಿದ್ದು ಸಾಯುತ್ತಿರುವದನ್ನೂ, ಕಾಡಿಗೆ ಸೌದೆಗೂ ಸೊಪ್ಪಿಗೂ ಹೋದ ಜನರು ಕಡುಜ್ವರದಿಂದ ಹಾಸಿಗೆ ಹಿಡಿಯುತ್ತಿರುವದನ್ನೂ ಕಂಡರು. ಮಂಗಗಳೂ ಮನುಷ್ಯರೂ ಕೂಡಿ ಸಾಯುತ್ತಾರೆಂದರೆ ಬಲ್ಲವರಿಗೆ ಮೊದಲು ಹುಟ್ಟಿದ ಭಯವು ಹಳದಿಜ್ವರದ್ದೇ. ಏಷ್ಯಾ ಖಂಡಕ್ಕೆ ಎಂದೂ ಕಾಲಿಡದ ಆ ಜ್ವರವು ಇಲ್ಲಿಗೆ ಬಂದಿತೋ? ಬಂದಿದ್ದರೆ ದೇಶದ ಗತಿಯೇನು? ಪುಣೆಯ ಕೇಂದ್ರದವರು ಹೊರಟುಬಂದರು. ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಪಿಡೊ ಎಂಬವರೂ ಅವರೊಂದಿಗೆ ನಮ್ಮ ದೇಶದ ಅನೇಕ ವೈದ್ಯರೂ ಕ್ರಿಮಿಶಾಸ್ತ್ರಜ್ಞರೂ ಕಾಡಿನಲ್ಲಿ ಸತ್ತ ಮಂಗಗಳನ್ನು ಹುಡುಕಿ, ಮೈಮೇಲಿನ ಉಣ್ಣೆಗಳನ್ನು ಆರಿಸಿ, ರೋಗಿಗಳ ರಕ್ತವನ್ನು ತೆಗೆದು ಪರೀಕ್ಷಿಸಿದರು. ಅದೇ ವರ್ಷದಲ್ಲಿ ಅದು ಹಳದಿಜ್ವರವಲ್ಲ, ರಷ್ಯಾ ದೇಶದ ಒಂದು ಉಣ್ಣೆಜ್ವರಕ್ಕೆ ಸಂಬಂಧವುಳ್ಳ ಹೊಸ ವೈರಸೆಂದು ತಿಳಿದುಬಂತು. ನಮ್ಮ ಜನರು ಮಂಗನ ಕಾಯಿಲೆ ಎಂದು ಕರೆಯುವದು ಇದನ್ನೇ. ಕೆಲಸಮಾಡುವವರಲ್ಲಿ ಹಲವರಿಗೆ ಪ್ರಯೋಗಶಾಲೆಯಲ್ಲಿಯೇ ಆ ರೋಗ ತಗಲಿತು. ಕೇಂದ್ರವು ಐದು ವರ್ಷ ಮುಂಚೆ ಇಲ್ಲದಿದ್ದರೆ, ರೋಗಕ್ಕೆ ಹೆಸರಿಡುವದಕ್ಕೆ ಎಷ್ಟು ಮಳೆಗಾಲಗಳು ಕಳೆಯುತ್ತಿದ್ದವೋ, ಉಣ್ಣೆಯೇ ಕಾರಣವೆಂದು ಹೇಳುವವರು ಯಾರಿರುತ್ತಿದ್ದರೋ!

ಇದನ್ನು ಕೇಳಿ, ಅಪಾಯದ ದಾನವು ಗೆದ್ದಿತೆಂದು ಯಾರೂ ಕೂಡಲೇ ಚಪ್ಪಾಳೆ ಹಾಕದಿರಲಿ. ಕಾರಣ ತಿಳಿದು ೬೦ ವರ್ಷಗಳಿಗೆ ಮೀರಿದೆ. ರೋಗ ಬಿದ್ದವರಲ್ಲಿ ನೂರಕ್ಕೆ ಮೂವರಿಂದ ಐವರ ವರೆಗೆ ಇಂದಿಗೂ ಸಾಯುತ್ತಾರೆ. ಇದಕ್ಕೆಂದೇ ತಕ್ಕ ಔಷಧವು ಹುಟ್ಟಲಿಲ್ಲ. ರಷ್ಯಾದ ಜ್ವರದ ಲಸಿಕೆಯನ್ನು ಮೊದಲು ಕೊಟ್ಟು ನೋಡಿದರು, ಅದು ಕಾಯಲಿಲ್ಲ. ಆಮೇಲೆ ನಮ್ಮಲ್ಲಿಯೇ ಮಾಡಿದ ಲಸಿಕೆಯನ್ನು ಬಹುಕಾಲ ಕೊಟ್ಟರು. ಅದರ ಬಲ ಸಾಲದೆಂದು ಕಂಡುಬಂದು ೨೦೨೨ರಲ್ಲಿ ನಿಲ್ಲಿಸಿಬಿಟ್ಟರು. ಬೇಸಿಗೆ ಬಂತೆಂದರೆ ಕಾಡಂಚಿನ ಊರುಗಳ ತಾಯಂದಿರು ಸೌದೆಗೆ ಹೋದವರು ತಿರಿಗಿ ಬರುವ ತನಕ ಈಗಲೂ ಬಾಗಲಲ್ಲಿ ನಿಂತು ಕಾಯುತ್ತಾರೆ. ಆದರೆ ಅದೇ ಪುಣೆಯ ಕೇಂದ್ರವು ೧೯೬೭ರಿಂದ ಹೊರದೇಶದ ಹಣವಿಲ್ಲದೆ ನಮ್ಮ ಸರಕಾರದ ವೆಚ್ಚದಿಂದಲೇ ನಡೆಯುತ್ತಾ, ೧೯೭೮ರಲ್ಲಿ ರಾಷ್ಟ್ರೀಯ ವೈರಾಣು ಸಂಸ್ಥೆ ಎಂಬ ಹೆಸರು ಹೊಂದಿ, ೨೦೨೦ರಲ್ಲಿ ಕೊರೊನಾ ವ್ಯಾಧಿಯು ಬಂದಾಗ ಆ ವೈರಸನ್ನು ಬೇರ್ಪಡಿಸಿ ಕೊಟ್ಟಿತು. ಅದರಿಂದಲೇ ಕೊವ್ಯಾಕ್ಸಿನ್ ಲಸಿಕೆಯು ಸಿದ್ಧವಾಯಿತು. ೧೯೫೨ರಲ್ಲಿ ಹಣ ಕೊಟ್ಟವರಾಗಲಿ ತಕ್ಕೊಂಡವರಾಗಲಿ ಇದನ್ನು ಕನಸಿನಲ್ಲಿಯೂ ಕಂಡಿರಲಿಲ್ಲ. ಇಂಥಾ ದಾನದ ಫಲವನ್ನು ಯಾವ ವರ್ಷದ ಲೆಕ್ಕದಲ್ಲಿ ಬರೆಯುವದು?

ಈಗ ಮುಳ್ಳಿನ ಕಡೆಗೆ ತಿರುಗೋಣ. ಅಪಾಯವನ್ನು ಸಹಿಸುವ ದಾನವೆಂದು ಹೊಗಳುವಾಗ, ಆ ಅಪಾಯವು ಯಾರದೆಂಬದನ್ನು ಕೇಳಬೇಕು. ಹಣವಂತನು ಕಳಕೊಳ್ಳುವದು ಹಣವನ್ನು ಮಾತ್ರ. ಅದೂ ಅವನ ಊಟಕ್ಕೆ ಮೀರಿ ಉಳಿದದ್ದು. ಹಳದಿಜ್ವರದ ಒಳ್ಳೇ ಲಸಿಕೆಯ ವಿಷಯದಲ್ಲಿಯೇ ಒಂದು ಘೋರ ಸಂಗತಿ ನಡೆಯಿತು. ಅದನ್ನು ಕೆಡದ ಹಾಗೆ ಇಡುವದಕ್ಕೆ ಮನುಷ್ಯರ ರಕ್ತದ ತಿಳಿಯನ್ನು ಸೇರಿಸುತ್ತಿದ್ದರು. ಆ ತಿಳಿಯಲ್ಲಿ ಕಾಮಾಲೆಯ ವಿಷ ಅಡಗಿತ್ತು. ಬ್ರೆಜಿಲಿನಲ್ಲಿ ಲಸಿಕೆ ಹಾಕಿಸಿಕೊಂಡವರಿಗೆ ಕಾಮಾಲೆ ಬರುವದನ್ನು ೧೯೪೦ರೊಳಗೇ ಕಂಡು ಅಲ್ಲಿಯವರು ರಕ್ತದ ತಿಳಿಯನ್ನು ಬಿಟ್ಟುಬಿಟ್ಟಿದ್ದರು. ನ್ಯೂಯಾರ್ಕಿನ ಪ್ರಯೋಗಶಾಲೆಯಲ್ಲಿ ಬಿಡಲಿಲ್ಲ. ೧೯೪೨ರಲ್ಲಿ ಅಮೇರಿಕದ ಸುಮಾರು ೫೦,೦೦೦ ಸಿಪಾಯಿಗಳು ಕಾಮಾಲೆಯಿಂದ ಆಸ್ಪತ್ರೆ ಸೇರಿದರು, ಕೆಲವರು ಸತ್ತರು. ಆ ಸಿಪಾಯಿಗಳನ್ನು ಯಾರೂ ಒಪ್ಪಿಗೆ ಕೇಳಿರಲಿಲ್ಲ. ಸಾಲಾಗಿ ನಿಲ್ಲಿಸಿ ಚುಚ್ಚಿದ್ದರು. ಸ್ಟೋಕ್ಸರು ಸತ್ತದ್ದಕ್ಕೂ ಇವರು ಸತ್ತದ್ದಕ್ಕೂ ಬಹಳ ಭೇದವಿದೆ ಎಂದು ನಮಗೆ ತೋರುತ್ತದೆ. ಸ್ಟೋಕ್ಸರು ತಿಳಿದು ಹೋದರು.

ಇದಕ್ಕಿಂತ ಕೆಟ್ಟದ್ದೂ ಉಂಟು. ೧೯೨೦ರ ದಶಕದ ಕೊನೆಯಲ್ಲಿಯೂ ಅದರ ತರುವಾಯವೂ ಇದೇ ನಿಧಿಯ ಹಣವು ಬರ್ಲಿನಿನಲ್ಲಿ ಮನುಷ್ಯಜಾತಿಗಳನ್ನೂ ವಂಶಗುಣಗಳನ್ನೂ ಅಳೆಯುವ ಒಂದು ಸಂಸ್ಥೆಗೆ ಹೋಯಿತು. ಕೆಲವರು ಹುಟ್ಟಿನಿಂದಲೇ ಕೀಳಾದವರೆಂದು ಬೋಧಿಸಿದ ಆ ವಿದ್ಯೆಯು ಹಿಟ್ಲರನ ಆಳಿಕೆಯಲ್ಲಿ ಎಂಥಾ ಕೃತ್ಯಗಳಿಗೆ ಹೊದಿಕೆಯಾಯಿತೆಂಬದು ಲೋಕಕ್ಕೆ ಗೊತ್ತಿದೆ. ಹುಟ್ಟಿನಿಂದ ಕೀಳೆನಿಸಿಕೊಂಡ ಮನೆತನಗಳಿಂದ ಬಂದವರೇ ನಮ್ಮ ಸಭೆಗಳಲ್ಲಿ ಹೆಚ್ಚಾಗಿರುವದರಿಂದ ನಾವು ಇದನ್ನು ಲಘುವಾಗಿ ದಾಟಿಹೋಗಲಾರೆವು. ಇಲ್ಲಿ ಹಣವು ನಷ್ಟವಾಗಲಿಲ್ಲ, ನಷ್ಟವಾಗಿದ್ದರೆ ಚೆನ್ನಾಗಿರುತ್ತಿತ್ತು.

ಇನ್ನು ಕೊಡುವವನ ಕೈಯನ್ನು ನೋಡುವ ಪ್ರಶ್ನೆ. ಇದು ನಮ್ಮಂಥ ಮಿಶನುಗಳಲ್ಲಿಯೇ ಎದ್ದ ವ್ಯಾಜ್ಯ. ಮಧುರೆ, ಅಹಮದ್‌ನಗರ ಮುಂತಾದ ಕಡೆಗಳಲ್ಲಿ ಸೇವೆ ನಡಿಸಿದ ಅಮೇರಿಕನ್ ಬೋರ್ಡ್ ಎಂಬ ಮಿಶನಿಗೆ ರಾಕ್‌ಫೆಲ್ಲರನು ೧೯೦೫ರಲ್ಲಿ ೧,೦೦,೦೦೦ ಡಾಲರುಗಳನ್ನು ಕೊಟ್ಟಾಗ, ವಾಷಿಂಗ್‌ಟನ್ ಗ್ಲ್ಯಾಡನ್ ಎಂಬ ಬೋಧಕರು, ಈ ದ್ರವ್ಯವು ಚಿಕ್ಕ ವ್ಯಾಪಾರಿಗಳನ್ನು ನೆಲಕ್ಕೆ ಕೆಡವಿ ಕೂಡಿಸಿದ್ದು, ಕಳಂಕ ಹತ್ತಿದ್ದು, ಇದನ್ನು ಮುಟ್ಟಬಾರದೆಂದು ದೊಡ್ಡ ದನಿಯೆತ್ತಿದರು. ದೇಶದ ಪತ್ರಿಕೆಗಳೆಲ್ಲಾ ಈ ಮಾತಿನಿಂದ ತುಂಬಿದವು. ಕಡೆಗೆ ತಿಳಿದುಬಂದದ್ದೇನಂದರೆ, ಆ ಹಣವು ತಾನಾಗಿ ಬಂದದ್ದಲ್ಲ. ಮಿಶನಿನವರೇ ಹೋಗಿ ಬೇಡಿದ್ದರು! ಹಣವು ಹಿಂದಕ್ಕೆ ಹೋಗಲಿಲ್ಲ. ಗ್ಲ್ಯಾಡನರು ಸುಮ್ಮನೆ ಕೂಗಿದವರಲ್ಲ ಎಂಬದಕ್ಕೆ ೧೯೧೪ರ ಏಪ್ರಿಲಿನಲ್ಲಿ ಕೊಲರಾಡೊ ಸೀಮೆಯ ಲಡ್ಲೊ ಎಂಬಲ್ಲಿ ನಡೆದದ್ದೇ ಸಾಕ್ಷಿ. ರಾಕ್‌ಫೆಲ್ಲರ್ ಕುಟುಂಬದ ಹತೋಟಿಯಲ್ಲಿದ್ದ ಕಲ್ಲಿದ್ದಲು ಗಣಿಯ ಕೂಲಿಗಳು ಕೆಲಸ ನಿಲ್ಲಿಸಿ ಡೇರೆಗಳಲ್ಲಿ ವಾಸಿಸುತ್ತಿರುವಾಗ, ಸಿಪಾಯಿಗಳು ಅವುಗಳ ಮೇಲೆ ಬಿದ್ದು ಬೆಂಕಿಹಚ್ಚಿದರು. ಡೇರೆಯ ಕೆಳಗಿನ ಗುಂಡಿಯಲ್ಲಿ ಅಡಗಿದ್ದ ಇಬ್ಬರು ಹೆಂಗಸರೂ ಹನ್ನೊಂದು ಮಕ್ಕಳೂ ಹೊಗೆಗೆ ಉಸಿರುಕಟ್ಟಿ ಸತ್ತರು. ಧರ್ಮನಿಧಿಗೆ ಆಗ ಒಂದು ವರ್ಷ ತುಂಬುತ್ತಾ ಇತ್ತು.

ಆ ಹನ್ನೊಂದು ಮಕ್ಕಳನ್ನು ಒಂದು ತಟ್ಟೆಯಲ್ಲಿಯೂ ಹಳದಿಜ್ವರದಿಂದ ಉಳಿದ ಕೋಟಿ ಜನರನ್ನು ಇನ್ನೊಂದರಲ್ಲಿಯೂ ಇಟ್ಟು ತೂಗಬಹುದೋ? ಕೆಲವರು ತೂಗುತ್ತಾರೆ. ನಮಗೆ ಅದು ಸರಿಯೆಂದು ಕಾಣುವದಿಲ್ಲ. ದಾನವು ಕೊಡುವವನ ಪಾಪವನ್ನು ತೊಳೆಯುವ ಸಾಬೂನಲ್ಲ; ಹಾಗೆಯೇ ಕೊಡುವವನ ಪಾಪವು ಲಸಿಕೆಯನ್ನು ವಿಷಮಾಡುವದೂ ಇಲ್ಲ. ಎರಡನ್ನೂ ಬೇರೆ ಬೇರೆ ಪುಟದಲ್ಲಿ ಬರೆದು, ಎರಡಕ್ಕೂ ಉತ್ತರ ಕೇಳಬೇಕು. ಹೀಗೆ ಹೇಳುವದರಿಂದ ಯಾರಿಗೂ ಪೂರಾ ತೃಪ್ತಿಯಾಗದೆಂದು ನಾವು ಬಲ್ಲೆವು.

ಎಲ್ಲಾ ಐಶ್ವರ್ಯವಂತರೂ ಒಂದೇ ಬಗೆಯವರಲ್ಲವೆಂಬದಕ್ಕೆ ಬೆಂಗಳೂರಿನ ವಿಜ್ಞಾನಮಂದಿರವನ್ನು ನೋಡಿರಿ. ಜಮ್ಶೆಟ್‌ಜಿ ಟಾಟಾ ಎಂಬ ಪಾರ್ಸಿ ವರ್ತಕರು ೧೮೯೮ರಲ್ಲಿ ತಮ್ಮ ಆಸ್ತಿಯಿಂದ ೩೦ ಲಕ್ಷ ರೂಪಾಯಿ ಬೆಲೆಯ ಕಟ್ಟಡಗಳನ್ನೂ ಭೂಮಿಯನ್ನೂ ಸಂಶೋಧನೆಯ ವಿದ್ಯಾಲಯಕ್ಕಾಗಿ ಕೊಡುವೆನೆಂದಾಗ, ವೈಸರಾಯ್ ಕರ್ಜನ್ ದೊರೆಯು, ಕಲಿಯುವ ವಿದ್ಯಾರ್ಥಿಗಳು ಎಲ್ಲಿದ್ದಾರೆ, ಕಲಿತವರಿಗೆ ಉದ್ಯೋಗವೆಲ್ಲಿದೆ ಎಂದು ಸಂಶಯಪಟ್ಟನು. ಸಂಶಯವು ನ್ಯಾಯವಾದದ್ದೇ, ಆಗ ಉತ್ತರವಿರಲಿಲ್ಲ. ಟಾಟಾರವರು ೧೯೦೪ರಲ್ಲಿ ತೀರಿಹೋದರು. ಮೈಸೂರು ಅರಸರು ೩೭೧ ಎಕರೆ ಭೂಮಿಯನ್ನು ಕೊಟ್ಟು, ವಿದ್ಯಾಲಯವು ೧೯೦೯ರಲ್ಲಿ ಸ್ಥಾಪಿತವಾಗಿ, ೧೯೧೧ರಲ್ಲಿ ವಿದ್ಯಾರ್ಥಿಗಳು ಒಳಗೆ ಬಂದರು. ಕೊಟ್ಟವರು ಒಂದು ಕಲ್ಲನ್ನೂ ಕಣ್ಣಾರೆ ಕಾಣಲಿಲ್ಲ. ಇದನ್ನು ಬರೆಯುವಾಗ ನಮ್ಮ ಊರಿನ ಹಳೆಯ ಹುಣಸೇಮರದ ನೆನಪು ಬರುತ್ತದೆ. ಅದನ್ನು ನೆಟ್ಟವನಾರೆಂದು ಯಾರಿಗೂ ಗೊತ್ತಿಲ್ಲ, ಹುಳಿಯನ್ನು ಮಾತ್ರ ಎಲ್ಲರೂ ತಿನ್ನುತ್ತೇವೆ.

ಹಾಗಾದರೆ ನಮ್ಮ ಹಿರಿಯರಿಗೆ ಕೊಡಬೇಕಾದ ಉತ್ತರವೇನು? ಸೆಮಿನರಿಯಲ್ಲಿ ಕಲಿಯುತ್ತಿದ್ದಾಗ ಆಗಿದ್ದರೆ, ತಲಾಂತನ್ನು ನೆಲದಲ್ಲಿ ಹೂಣಿಟ್ಟ ಆಳಿನ ಸಾಮ್ಯವನ್ನು ಕೂಡಲೇ ಎತ್ತಿಹಿಡಿಯುತ್ತಿದ್ದೆವು. ಈಗ ಅಷ್ಟು ಧೈರ್ಯವಿಲ್ಲ. ಯಾಕಂದರೆ ಆ ಸಾಮ್ಯದಲ್ಲಿ ಯಜಮಾನನು ಆಳುಗಳ ಕೈಗೆ ಕೊಟ್ಟದ್ದು ತನ್ನ ಸ್ವಂತ ಆಸ್ತಿಯನ್ನು, ವ್ಯಾಪಾರಮಾಡಲೆಂದೇ. ನಮ್ಮ ಪೆಟ್ಟಿಗೆಯಲ್ಲಿರುವದಾದರೋ ಕೂಲಿಹೆಂಗಸರು ಸೆರಗಿನ ಗಂಟಿನಿಂದ ಬಿಚ್ಚಿ ಹಾಕಿದ ಹತ್ತು ಇಪ್ಪತ್ತು ರೂಪಾಯಿಗಳು. ಹಾಕುವಾಗ ಅವರ ಮನಸ್ಸಿನಲ್ಲಿದ್ದದ್ದು ಹಾಸಿಗೆ ಹಿಡಿದ ಮುದುಕಿಯ ಗಂಜಿಯೇ ಹೊರತು ಜೇನುಪೆಟ್ಟಿಗೆಯಲ್ಲ. ರಾಕ್‌ಫೆಲ್ಲರನಿಗೆ ಹತ್ತರಲ್ಲಿ ಒಂಬತ್ತು ದಾನಗಳು ಕೆಟ್ಟರೂ ಹತ್ತನೆಯದು ಉಳಿದದ್ದೆಲ್ಲವನ್ನೂ ತುಂಬಿಕೊಡುವ ಹಾಗೆ ಹಣವಿತ್ತು. ನಮಗೆ ಒಂಬತ್ತು ಸಲ ಸೋಲುವ ಶಕ್ತಿ ಇಲ್ಲ. ಹಿರಿಯರ ಪ್ರಶ್ನೆಯಲ್ಲಿ ಇಷ್ಟು ನ್ಯಾಯವಿದೆಯೆಂದು ನಾವು ಅವರ ಮುಂದೆಯೇ ಒಪ್ಪಿಕೊಂಡೆವು.

ಆದರೆ ಅವರು ಕೇಳದೆ ಬಿಟ್ಟ ಇನ್ನೊಂದು ಪ್ರಶ್ನೆಯೂ ಉಂಟು. ಅಕ್ಕಿಯನ್ನು ಕೊಟ್ಟಿದ್ದರೆ ಅದು ನಷ್ಟವಾಗುತ್ತಿರಲಿಲ್ಲ, ನಿಜ. ಅದೇ ವಿಧವೆಯು ಮುಂದಿನ ವರ್ಷವೂ, ಅದರ ಮುಂದಿನ ವರ್ಷವೂ ಅಕ್ಕಿಗಾಗಿಯೇ ಬರುತ್ತಿದ್ದಳು. ಆ ಸಾಲನ್ನು ಓದುವಾಗ ಯಾರೂ ಸುಮ್ಮನಾಗುತ್ತಿರಲಿಲ್ಲ, ಯಾಕಂದರೆ ಅದನ್ನು ನಾವು ಸೋಲೆಂದು ಎಣಿಸುವದೇ ಇಲ್ಲ. ಕಣ್ಣಿಗೆ ಕಾಣುವ ನಷ್ಟವನ್ನು ಮಾತ್ರ ನಷ್ಟವೆನ್ನುವದು ನಮ್ಮ ಲೆಕ್ಕದ ಪುಸ್ತಕಗಳಲ್ಲಿರುವ ಹಳೇ ದೋಷ. ಇದನ್ನು ಹೇಳಿದಾಗ ಹಿರಿಯರು ಒಂದು ಗಳಿಗೆ ಸುಮ್ಮನಿದ್ದು, “ಅದು ಸರಿ. ಆದರೂ ಅಕ್ಕಿ ಮೊದಲು” ಎಂದರು. ಅಕ್ಕಿ ಮೊದಲೆಂಬದಕ್ಕೆ ನಾವು ಎದುರಾಡಲಿಲ್ಲ. ಬಹಳ ಮಾತಾದ ಮೇಲೆ, ಮುದುಕರ ಹಾಗೂ ರೋಗಿಗಳ ಪಾಲನ್ನು ಮೊದಲು ತೆಗೆದಿಟ್ಟು, ಉಳಿದದ್ದರಲ್ಲಿ ಹತ್ತನೇ ಒಂದು ಪಾಲನ್ನು ಹೀಗೆ ಕೆಟ್ಟರೂ ಕೆಡಬಹುದಾದ ಕೆಲಸಕ್ಕೆ ಬಿಡುವದೆಂದೂ, ಕಾಣಿಕೆ ಹಾಕುವವರೆಲ್ಲರಿಗೂ ಅದನ್ನು ಆದಿತ್ಯವಾರದ ಕೂಟದಲ್ಲಿ ಮುಂಚಿತವ���ಗಿ ತಿಳಿಸತಕ್ಕದ್ದೆಂದೂ ಗೊತ್ತಾಯಿತು.

ಆಗ ಆ ಸಹೋದರಿಯು, ಇಷ್ಟು ಹೊತ್ತು ಹೊರಗೆ ಜಗಲಿಯಲ್ಲಿ ಕೂತಿದ್ದವಳು, ತಾನಾಗಿ ಒಳಗೆ ಬಂದಳು. ಪೆಟ್ಟಿಗೆಗಳನ್ನು ಗಾಳಿಯ ಮುಖಕ್ಕೆ ಇಟ್ಟದ್ದು ತಪ್ಪಾಯಿತೆಂದೂ, ಮಳೆಯಲ್ಲಿ ಹೂವಿಲ್ಲದಾಗ ಸಕ್ಕರೆನೀರು ಇಡಬೇಕೆಂಬದನ್ನು ಪಕ್ಕದೂರಿನ ಒಬ್ಬ ಮುದುಕನಿಂದ ತಡವಾಗಿ ಕಲಿತೆನೆಂದೂ ಹೇಳಿ, ನಾಲ್ಕು ಬೇಡ, ಒಂದು ಕುಟುಂಬ ಜೇನನ್ನು ಕೊಡಿಸಿದರೆ ಸಾಕು, ಪೆಟ್ಟಿಗೆ ಹಳೇದೇ ಇದೆ ಎಂದಳು. “ತಂಗೀ, ಇದೂ ಹಾರಿಹೋದರೆ?” ಎಂದು ಅದೇ ಹಿರಿಯರು ಕೇಳಿದರು. “ಹೋದರೆ ಹೋಯಿತೆಂದು ಬರಕೊಳ್ಳಿರಿ, ಅಣ್ಣನವರೇ, ಯಾಕೆ ಹೋಯಿತೆಂಬದನ್ನೂ ನಾನೇ ಬಂದು ಹೇಳುತ್ತೇನೆ” ಎಂದಳು. ಮಳೆಗಾಲ ಕಳೆದ ಮೇಲೆ ತರುವದೆಂದು ನಿಶ್ಚಯವಾಗಿದೆ. ಹಿರಿಯರು ತಮ್ಮ ತೋಟದ ಬೇಲಿಯೊಳಗೆ ಗಾಳಿ ತಗಲದ ಒಂದು ಸ್ಥಳವನ್ನು ತೋರಿಸಿದ್ದಾರೆ.